ಹಾರವಾಡದಲ್ಲಿ ಪೋಲಂಡಿನ ಸೈನ್ಯ

ನಮ್ಮ ಇತಿಹಾಸದ ಸರ್ ನಡೆಯುವಾಗ ಎಡಗಾಲು ಮೊದಲು ಮುಂದೆ ಹೋಗುತ್ತಿತ್ತು. ಚಪ್ಪಲಿ ಆಮೇಲೆ ನೆನಪು ಮಾಡಿಕೊಂಡು ಹಿಂದೆ ಬರುತ್ತಿತ್ತು. ಕಾರವಾರದ ಕಾಲೇಜಿನ ವರಾಂಡದಲ್ಲಿ ಆ ಚಟ್ ಚಟ್ ಸದ್ದು ಕೇಳಿದರೆ ಹಿಂದಿನ ಬೆಂಚಿನವರು ಮೊಬೈಲು ಒಳಗಿಡುತ್ತಿದ್ದರು. ಇಂಥವರು ನಮಗೆ ಕವಾಯತು ಕಲಿಸಲು ಹೊರಟರು.

ಎಲ್ಲ ಪೋಲಂಡಿನಿಂದ ಆದದ್ದು. ಮೊದಲ ಮಹಾಯುದ್ಧಕ್ಕೆ ಮುಂಚೆ ಆ ದೇಶವನ್ನು ಮೂರು ಸಾಮ್ರಾಜ್ಯಗಳು ಹಂಚಿಕೊಂಡಿದ್ದವು. ಆಸ್ಟ್ರಿಯದ ಪಾಲಿನಲ್ಲಿದ್ದ ತರುಣರು ಗುರಿ ಹೊಡೆಯುವ ಕ್ಲಬ್ಬೆಂದು ಪರವಾನಗಿ ಪಡೆದು, ಸರ್ಕಾರದ ಕಣ್ಣೆದುರೇ ನಾಳೆಯ ಸೈನ್ಯ ಕಟ್ಟುತ್ತಿದ್ದರು. ಸರ್‌ಗೆ ಈ ಪಾಠವೆಂದರೆ ಪ್ರಾಣ. "ದೇಶ ನಕಾಶೆಲೇ ಇಲ್ಲ, ಸೈನ್ಯ ಮಾತ್ರ ತಯಾರು! ಎಂತಾ ಜನ ಮಾರಾಯಾ!" ಎಂದು ಡಸ್ಟರಿನಿಂದ ಮೇಜು ಗುದ್ದುತ್ತಿದ್ದರು. ಕಾಲೇಜಿನ ವಾರ್ಷಿಕೋತ್ಸವಕ್ಕೆ ಅದನ್ನೇ ನಾಟಕ ಮಾಡಿಸಲು ಹೊರಟರು; ಕವಾಯತಿನ ತಾಲೀಮು ಹಾರವಾಡದ ಕಡಲದಂಡೆಯಲ್ಲಿ.

ಹಾರವಾಡದ ದೋಣಿ ಬಡಗಿ ಮರದ ಬಂದೂಕು ಮಾಡಿಕೊಟ್ಟು, ಗೇರುಬೀಜದ ಸಿಪ್ಪೆಯಿಂದ ತೆಗೆದು ದೋಣಿಗೆ ಬಳಿಯುವ ಗೇರೆಣ್ಣೆಯನ್ನೇ ಅವಕ್ಕೂ ಬಳಿದ. ಕಪ್ಪಗೆ ಮಿಂಚಿದವು. ದೂರದಿಂದ ಥೇಟ್ ಅಸಲಿ. ನೌಕಾನೆಲೆ ಇರುವ ಸೀಮೆಯಲ್ಲಿ, ಬೆಳಬೆಳಗ್ಗೆ, ಅಂಥ ಬಂದೂಕು ಹೆಗಲಿಗಿಟ್ಟು ಸಮುದ್ರದಂಡೆಯಲ್ಲಿ ಸಾಲಾಗಿ ನಡೆದರೆ ಏನಾದೀತೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಯಾರೋ ಫೋನ್ ಮಾಡಿದ್ದರು. ಪೊಲೀಸ್ ಜೀಪು ಮರಳಿಗಿಳಿಯಿತು. "ನಿಲ್!" ಎಂದು ಸರ್ ನಮಗೆ ಕೂಗಿದರು. ನಿಂತೆವು. ನನ್ನ ಪಕ್ಕದವನು ಮಾತ್ರ ಗಾಬರಿಯಲ್ಲಿ ಗರ್ರನೆ ತಿರುಗಿದ. ಅವನ ಬಂದೂಕೂ ಪೊಲೀಸರ ಕಡೆ ತಿರುಗಿತು. ಎದುರಿನ ನಿಜವಾದ ಬಂದೂಕು ಖಟ್ ಎಂದಿತು. ಅದರ ನಳಿಗೆ ನಮ್ಮಿಬ್ಬರಲ್ಲಿ ಯಾರನ್ನು ಆರಿಸಲೆಂದು ಯೋಚಿಸುತ್ತಿತ್ತು. ಆ ಖಟ್ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಸರ್ ಓಡಿಬಂದು ನಮ್ಮ ಮುಂದೆ ಕೈ ಅಗಲಿಸಿ ನಿಂತರು.

"ಸಾಹೇಬ್ರೆ, ಹೊಡ್ಯೂದಾದ್ರೆ ನಂಗೆ ಹೊಡೀರಿ. ಇವ್ರಿಗೆ ಸೋಮವಾರ ಪರೀಕ್ಷೆ ಅದೆ!"

ಅಲ್ಲೇ ಮೀನು ಒಣಗಿಸುತ್ತಿದ್ದ ಬಡಗಿಯ ಹೆಂಡತಿ ಬುಟ್ಟಿ ಬಿಸಾಕಿ ಬಂದಳು. "ಮರದ್ದು ಅದು! ನಮ್ಮನೆಯವ್ರೇ ಮಾಡದ್ದು! ಮುಟ್ಟಿ ನೋಡ್ರಾ!"

ಸಾಹೇಬರು ಮುಟ್ಟಿದರು. ಎಣ್ಣೆ ಪೂರ್ತಿ ಒಣಗಿರಲಿಲ್ಲ. ಅದೇ ಕೈಯಲ್ಲಿ ಮುಖದ ಬೆವರು ಒರೆಸಿಕೊಂಡರು.

"ಅಯ್ಯೋ, ಮುಖಕ್ಕಲ್ಲ! ಬೊಕ್ಕೆ ಏಳ್ತದೆ!" ಎಂದಳು ಆಕೆ.

ಸಾಹೇಬರು ಸರ್ ಕಡೆ ತಿರುಗಿದರು. "ಯಾವ ಸಂಘಟನೆ ನಿಮ್ದು?"

"ಪೋಲಂಡಿಂದು."

"ಪರವಾನಗಿ ತಕಂಡೀರಾ?"

"ಅವ್ರು ತಕಂಡಿದ್ರು. ನಾನು ಮರ್ತೆ."

ಸ್ಟೇಶನ್ನಿನಲ್ಲಿ ಸರ್ ಪಾಠವನ್ನು ಮೊದಲಿನಿಂದ ಶುರು ಮಾಡಿದರು. ಅಷ್ಟರಲ್ಲಿ ನಮ್ಮ ಹೆಗಲೂ ಸಾಹೇಬರ ಕೆನ್ನೆಯೂ ಒಟ್ಟಿಗೆ ಉರಿಯತೊಡಗಿದ್ದವು. ಪಾಠ ರಷ್ಯದ ಪಾಲಿಗೆ ಬರುವ ಮೊದಲೇ ನಮ್ಮನ್ನು ಬಿಟ್ಟುಬಿಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಸರ್ ಪಕ್ಕ ಕೂತೆ. "ಹೆದರಿಕೆ ಆಗ್ಲಿಲ್ವಾ ಸರ್?" ಎಂದೆ.

"ಆಗ್ದೇ ಏನಾ? ಆದ್ರೆ 'ನಿಲ್' ಅಂದವ ನಾನಲ್ವಾ? ನಿಮ್ಮನ್ನ ನಿಲ್ಸಿ ನಾನು ಹಿಂದೆ ಇದ್ರೆ ಹೆಂಗಾಗ್ತದೆ?"

ಕಳೆದ ವರ್ಷ ಸರ್ ತೀರಿಕೊಂಡರು. ನನಗೆ ಈಗಲೂ ಒಮ್ಮೊಮ್ಮೆ ಆ ಬೆಳಗು ಕಣ್ಣೆದುರು ಬರುತ್ತದೆ. ಆಗ ಮೊದಲು ಕಾಣುವುದು ಬೆವರಿಗೆ ಅಂಗಿ ಅಂಟಿದ ಅವರ ಬೆನ್ನು. ನಳಿಗೆ ಅದರ ಆಚೆ ಎಲ್ಲೋ ಇರುತ್ತದೆ.