ಹಗ್ಗದ ಮೇಲಿನ ಹನ್ನೊಂದು ಅಂಗಿಗಳು

ಬೆಳಗಿನ ನಮಾಜು ಮುಗಿಸಿದವರು ನೇರ ಮನೆಗೆ ಹೋಗದೆ ಬೀಬಿ ಹಲೀಜಾ ಅವರ ಬೇಲಿಯ ಪಕ್ಕ ನಿಲ್ಲುತ್ತಿದ್ದಾರೆ. ಹಿತ್ತಲಿನಲ್ಲಿ ಐವತ್ತೆಂಟರ ಆ ಹೆಂಗಸು ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ಹಳದಿ ಅಂಗಿಗಳನ್ನು ಒಣಹಾಕುತ್ತಿದ್ದಾರೆ. ಅಡುಗೆಮನೆಗೆ ಹತ್ತಿರದ ಹಗ್ಗದಲ್ಲಿ ಗೋಲು ಕಾಯುವವನ ಒಂದನೇ ನಂಬರು ಒಂಟಿಯಾಗಿದೆ. ಅದರ ಮುಂದಿನ ಹಗ್ಗ ಬ್ಯಾಕುಗಳದು: ಬಲತುದಿಗೆ ಎರಡು, ಎಡತುದಿಗೆ ಮೂರು, ನಡುವೆ ನಾಲ್ಕು, ಐದು. ಆಮೇಲೆ ಆರು ಮತ್ತು ಎಂಟು. ನಾಲ್ಕನೆಯ ಹಗ್ಗದ ಎರಡು ತುದಿಗಳಲ್ಲಿ ಏಳು ಮತ್ತು ಹನ್ನೊಂದು ರೆಕ್ಕೆಗಳಂತೆ ಬಡಿದುಕೊಳ್ಳುತ್ತಿವೆ, ನಡುವೆ ಹತ್ತು. ಕೊನೆಯ ಹಗ್ಗದಲ್ಲಿ ಒಂಬತ್ತು. ಅದರ ಮುಂದೆ ಬರೀ ಸಮುದ್ರ.

ಅಂಬೋನ್ ದ್ವೀಪದ ಪೂರ್ವ ತೀರದಲ್ಲಿರುವ ನಮ್ಮ ವಾಯಿಲೆಹುವಿನಲ್ಲಿ ಇಂದಿನ ತಂಡ ಯಾವುದೆಂದು ತಿಳಿಯುವುದು ಹೀಗೆಯೇ. ಅಂಗಿಗಳು ಸಂಘದವು, ನಂಬರುಗಳು ಜಾಗದವು. ಕಾಲುಚೀಲ ಮಾತ್ರ ಅವರವರದು. ಯಾವ ಅಂಗಿಯ ಕೆಳಗೆ ಯಾರ ಕಾಲುಚೀಲ ತೂಗುತ್ತಿದೆಯೋ ಆ ಜಾಗ ಅವನದು.

ಇಂದು ಬೇಲಿಯ ಬಳಿ ಗುಸುಗುಸು ಹೆಚ್ಚಿದೆ. ಹತ್ತರ ಕೆಳಗೆ ಯಾವಾಗಲೂ ಇರುತ್ತಿದ್ದ ಹಸಿರು ಪಟ್ಟಿಯ ಕಾಲುಚೀಲ ಒಂದು ಹಗ್ಗ ಹಿಂದಕ್ಕೆ, ಆರರ ಕೆಳಗೆ ಬಂದಿದೆ. ಅದು ರುಸ್ಲಿಯದು. ರುಸ್ಲಿ ಹಲೀಜಾ ಅವರ ಒಬ್ಬನೇ ಮಗ. ಸಂಜೆ ಪಕ್ಕದ ಊರಿನ ವಿರುದ್ಧ ಫುಟ್‌ಬಾಲ್ ಫೈನಲ್. ಮೀನಿಗೆ ಹೋದ ಅವನ ದೋಣಿ ಇನ್ನೂ ದಡ ಮುಟ್ಟಿಲ್ಲ.

"ಹಲೀಜಾ, ಕತ್ತಲಲ್ಲಿ ತಪ್ಪಿ ಹಾಕಿದ್ಯೇನೇ?" ಎಂದು ಬೇಲಿಯಾಚೆಯಿಂದ ಮುದುಕರೊಬ್ಬರು ಕೇಳುತ್ತಾರೆ.

"ನನ್ನ ಕಣ್ಣು ಸರಿಯಾಗಿದೆ ಅಣ್ಣ. ನಿಮ್ಮದು ತೋರಿಸ್ಕೊಳ್ಳಿ."

ಹಲೀಜಾ ತಪ್ಪು ಮಾಡಿದ್ದು ಒಂದೇ ಸಲ. ಬೆಟ್ಟದ ಲವಂಗದ ತೋಟಗಳ ನಡುವಿನ ಊರಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ ಅವರಿಗೆ ಚೆಂಡಾಟದ ಗಂಧವೇ ಇರಲಿಲ್ಲ. ಸಂಘದ ಬಟ್ಟೆ ಒಗೆಯಲು ಒಪ್ಪಿಕೊಂಡವರು, ಗೋಲು ಹೊಡೆಯುವವನ ಕಾಲುಚೀಲವನ್ನು ಮೂರನೇ ನಂಬರಿನ ಜೊತೆ ಸಿಕ್ಕಿಸಿಬಿಟ್ಟರು. ಬೇಲಿಯ ಮೇಲಿಂದ ಅದನ್ನು ಕಂಡ ಆತ, ತನ್ನನ್ನು ಬ್ಯಾಕಿಗೆ ತಳ್ಳಿದ್ದಾರೆಂದು ಸಿಟ್ಟಾಗಿ ಬಾಗಿಲು ಹಾಕಿಕೊಂಡು ಮಲಗಿದ. ಸಂಜೆ ತಂಡ ಅವನಿಲ್ಲದೆ ಆಡಿತು. "ಊರೆಲ್ಲ ಬೈದರು. ಆವತ್ತೇ ನನ್ನ ಗಂಡನ್ನ ಕೂರಿಸ್ಕೊಂಡು ಕೇಳಿದೆ, ಯಾವ ನಂಬರು ಎಲ್ಲಿ ನಿಲ್ಲತ್ತೆ ಹೇಳು ಅಂತ," ಎಂದು ನಗುತ್ತಾರೆ. ಅಂದಿನಿಂದ ಹಗ್ಗಗಳು ಐದಾದವು. ತಂಡ ಹೇಳುವ ಕೆಲಸವೂ ಅವರದಾಯಿತು.

ಹಗಲಿಡೀ ಅವರದು ದೋಣಿಕಟ್ಟೆಯಲ್ಲಿ ಹೊಗೆಯಾಡಿಸಿದ ಮೀನು ಮಾರುವ ಕೆಲಸ. ಅಂಗಿಗಳ ಸರದಿ ಅದರಾಚೆಗೆ. ಬೆವರಿನ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಬಟ್ಟೆ ಇಲ್ಲಿ ಸುಲಭವಾಗಿ ಒಣಗುವುದಿಲ್ಲ. ಅದಕ್ಕಾಗಿ ಊರಾಚೆಯ ಬುಗ್ಗೆಯಿಂದ ಸಿಹಿನೀರು ಹೊತ್ತು ತಂದು ಮತ್ತೆ ಮತ್ತೆ ಜಾಲಿಸುತ್ತಾರೆ. ನಂಬರುಗಳನ್ನು ಹಳೆಯ ಕೊಡೆಗಳ ಕಪ್ಪು ಬಟ್ಟೆಯಿಂದ ಕತ್ತರಿಸಿ, ಅಂಚು ಮಡಚಿ, ಕೈಯಲ್ಲೇ ಹೊಲಿಯುತ್ತಾರೆ. "ಏಳು ಸುಲಭ. ಎಂಟು ಪ್ರಾಣ ತಿನ್ನತ್ತೆ, ಒಳಗೆ ಎರಡು ತೂತು ನೋಡಿ." ಸೂಜಿ ಒತ್ತಿ ಒತ್ತಿ ಅವರ ಹೆಬ್ಬೆರಳು ಜಡ್ಡುಗಟ್ಟಿದೆ.

ತರಬೇತುದಾರ ಯೂನುಸ್ ಐಸ್ ಕಾರ್ಖಾನೆಯ ಕೆಲಸಗಾರ. ನಿನ್ನೆ ಸಂಜೆ ಮನೆಗೆ ಬಂದಿದ್ದನಂತೆ. ರುಸ್ಲಿಯ ಮೊಣಕಾಲು ಮೊದಲಿನಂತಿಲ್ಲ, ಹತ್ತರ ಓಟ ಅವನಿಗೆ ಆಗುತ್ತಿಲ್ಲ ಎಂದು ಹೇಳಿದನಂತೆ. "ಬೀಬಿ, ಬೇಕಾದ್ರೆ ನಾನೇ ಬಂದು ಹಾಕ್ತೀನಿ ಅಂದ. ಬೇಡ, ನನ್ನ ಹಗ್ಗ ಮುಟ್ಟಬೇಡ ಅಂದೆ."

ಆರಕ್ಕೆ ಇಳಿಸಿದ್ದು ಅವಮಾನವಲ್ಲವೇ ಎಂದು ಕೇಳುತ್ತೇನೆ.

"ಹತ್ತು ಮದುವೆ ಗಂಡಿದ್ದ ಹಾಗೆ. ಎಲ್ಲರ ಕಣ್ಣೂ ಅವನ ಮೇಲೆ. ಆರು ಅಡುಗೆಯವನು. ಅವನನ್ನ ಯಾರೂ ನೋಡಲ್ಲ, ಅವನಿಲ್ದಿದ್ರೆ ಯಾರಿಗೂ ಊಟ ಇಲ್ಲ. ಇದು ನಂಗೆ ಗೊತ್ತು, ನಿಮಗೂ ಗೊತ್ತು. ಅವನಿಗೆ ಒಪ್ಪಿಗೆ ಆಗ್ಬೇಕಲ್ಲ?" ಅವರ ಕಣ್ಣು ಸಮುದ್ರದ ಮೇಲಿದೆ.

ರುಸ್ಲಿ ಬರುವ ಹೊತ್ತಿಗೆ ಬಿಸಿಲು ಏರಿದೆ. ಹೆಗಲ ಮೇಲಿನ ಬಲೆ ಇಳಿಸುವ ಮುಂಚೆಯೇ ಬೇಲಿಯ ಕಡೆಯಿಂದ ಯಾರೋ ಕೂಗುತ್ತಾರೆ: "ಏ ರುಸ್ಲಿ, ಅಜ್ಜ ಆದ್ಯಲ್ಲೋ!"

ಅವನು ಹಗ್ಗ ನೋಡುತ್ತಾನೆ. ಆಮೇಲೆ ತಾಯಿಯನ್ನು.

"ಗಾಳಿಗೆ ಹಾರಿ ಅಲ್ಲಿಗೆ ಹೋಯ್ತಾ, ಅಮ್ಮ?"

"ಇಲ್ಲ."

"ಯೂನುಸ್ ಹಾಕಿದ್ನಾ?"

"ಹೇಳಿದ್ದು ಅವನು. ಹಾಕಿದ್ದು ನಾನು."

"ಊರೆಲ್ಲ ನೋಡಿದ ಮೇಲೆ ನಂಗೆ ಗೊತ್ತಾಗ್ಬೇಕಾ?"

"ನೀನು ಸಮುದ್ರದಲ್ಲಿದ್ದೆ. ಅಲ್ಲಿಗೆ ಬಂದು ಹಗ್ಗ ಕಟ್ಲಾ?"

ಬೇಲಿಯ ಬಳಿ ನಗು ಏಳುತ್ತದೆ. ಅವನು ನಗುವುದಿಲ್ಲ. ಬಲೆಯನ್ನು ಅಲ್ಲೇ ಎಸೆದು ಒಳಗೆ ಹೋಗುತ್ತಾನೆ. ಹಲೀಜಾ ಒಲೆಯ ಮುಂದೆ ಕುಳಿತು ಮೀನು ಮಗುಚುತ್ತಾರೆ. ಒಂದು ಮೀನು ಕರಕಲಾಗುತ್ತದೆ. ಅವರು ಗಮನಿಸುವುದಿಲ್ಲ.

ಸ್ನಾನ ಮುಗಿಸಿ ಹೊರಬಂದ ರುಸ್ಲಿ ಹತ್ತರ ಮುಂದೆ ತುಸು ಹೊತ್ತು ನಿಂತು, ಹಿಂದಿನ ಹಗ್ಗಕ್ಕೆ ಬಂದು ಆರನ್ನು ಎಳೆದುಕೊಳ್ಳುತ್ತಾನೆ. "ಇದು ಇಷ್ಟು ದಿನ ಆರು ಹಾಕ್ತಿದ್ದ ಆ ಸಣಕಲನ ಅಂಗಿ. ನಂಗೆಲ್ಲಿ ಹತ್ತತ್ತೆ?" ಎಂದು ಗೊಣಗುತ್ತಲೇ ತಲೆಯ ಮೇಲಿಂದ ಇಳಿಸುತ್ತಾನೆ. ಅಂಗಿ ಸಲೀಸಾಗಿ ಕೂರುತ್ತದೆ. ಅವನ ಕೈ ಪಕ್ಕೆಯ ಮೇಲೆ ಹೋಗಿ ನಿಲ್ಲುತ್ತದೆ. ಎರಡೂ ಬದಿಯ ಹೊಲಿಗೆ ಬಿಚ್ಚಿ, ಒಳಗೆ ಹಳದಿ ಪಟ್ಟಿ ಸೇರಿಸಿ ಹೊಸದಾಗಿ ಹೊಲಿದಿದೆ.

"ಯಾವಾಗ ಮಾಡಿದ್ದು ಇದು?"

"ನೀನು ಉಂಡು ದಪ್ಪ ಆದಾಗ."

ಅವನು ಒದ್ದೆ ಅಂಗಿಯಲ್ಲೇ ಕುಳಿತು ಕರಕಲು ಮೀನನ್ನು ಮರಗೆಣಸಿನ ರೊಟ್ಟಿಯ ಜೊತೆ ತಿಂದು ಮುಗಿಸುತ್ತಾನೆ.

ಹಲೀಜಾ ಆಟ ನೋಡಲು ಹೋಗುವುದಿಲ್ಲ. ಸಂಜೆಯ ದೋಣಿಗೆ ಜನ ಹೆಚ್ಚು, ವ್ಯಾಪಾರ ಬಿಡಲಾಗದು. ಕಟ್ಟೆಯಲ್ಲಿ ಕುಳಿತು ಕೇಕೆಯಿಂದಲೇ ಗೋಲು ಯಾರದೆಂದು ತಿಳಿಯುತ್ತಾರೆ. ಮೀನಿನ ಬುಟ್ಟಿಯನ್ನು ತಲೆಗೆ ಏರಿಸಿಕೊಳ್ಳುವಾಗ, ಇಂದು ಗೆದ್ದೇ ಗೆಲ್ಲಬೇಕಲ್ಲವೇ ಎನ್ನುತ್ತೇನೆ.

"ಗೆಲ್ಲೋದು ಸೋಲೋದು ಹನ್ನೊಂದು ಜನದ್ದು. ನಂಗೆ ಬೇಕಾದ್ದು ಇಷ್ಟೇ, ಆರು ಪೂರಾ ಕೆಸರಾಗಿ ಮನೆಗೆ ಬರಲಿ. ಹತ್ತು ಚೊಕ್ಕವಾಗಿ ಬಂದ್ರೆ ಪರವಾಗಿಲ್ಲ. ಆರು ಚೊಕ್ಕವಾಗಿ ಬಂತೋ, ಬಾಗಿಲಲ್ಲೇ ನಿಲ್ಲಿಸಿ ಕೇಳ್ತೀನಿ, ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ಯೋ ಅಂತ."