ಮಾಳಿಗೆಯ ಮೇಲೊಂದು ರೊಟ್ಟಿ ಹಂಚು

ಇಂದು ಬೆಳಿಗ್ಗೆ ಅಡುಗೆಮನೆಯಿಂದ ಜೋಳದ ರೊಟ್ಟಿ ಹೊತ್ತಿದ ವಾಸನೆ ಬಂತು. ಹೋಗಿ ನೋಡಿದರೆ ಅತ್ತೆ ಹಳೆಯ ಕಬ್ಬಿಣದ ಹಂಚನ್ನು ಒಲೆಗೆ ಇಟ್ಟಿದ್ದರು. ಅದರ ನಡುವೆ ಬಳೆಗಿಂತ ಚಿಕ್ಕದಾದ ಒಂದು ದುಂಡನೆಯ ಗುರುತಿದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅದಕ್ಕೆ ನಾನೇ ಕಾರಣ.

ನಾನು ಇಜೇರಿಯವಳು. ಕೆಲಸಕ್ಕೆಂದು ಆಳಂದಕ್ಕೆ ಬಂದು ಸೋದರತ್ತೆ–ಮಾವನ ಮನೆಯಲ್ಲಿ ಉಳಿದೆ. ಓದಿದ್ದು ಎಲೆಕ್ಟ್ರಾನಿಕ್ಸ್; ಮನುಷ್ಯರಿಗಿಂತ ಅಂಕಿಗಳ ಜೊತೆ ಸಲೀಸು. ದೊಡ್ಡ ವಿಮಾನಗಳಲ್ಲಿ ಟ್ರಾನ್ಸ್‌ಪಾಂಡರ್ ಎಂಬ ಪೆಟ್ಟಿಗೆ ಇರುತ್ತದೆ. ವಿಮಾನದ ಗುರುತು, ಎತ್ತರ, ವೇಗವನ್ನು ಅದು ಬಿಡದೆ ರೇಡಿಯೋದಲ್ಲಿ ಸಾರುತ್ತದೆ. ಅದನ್ನು ಮಾಳಿಗೆಯಲ್ಲಿ ಕೂತು ಲ್ಯಾಪ್‌ಟಾಪ್‌ನಲ್ಲಿ ಹಿಡಿಯುವುದು ನನ್ನ ಹವ್ಯಾಸ; ಅದಕ್ಕೆ ಗೇಣುದ್ದದ ಆಂಟೆನಾ ಸಾಕು. ಆದರೆ ಅದರ ಅಯಸ್ಕಾಂತದ ಬುಡಕ್ಕೆ ಅಗಲವಾದ ಕಬ್ಬಿಣ ಬೇಕು. ನಾನು ಹುಡುಕುತ್ತಿದ್ದಾಗ ಮಾವ ಹಂಚನ್ನೇ ಮಾಳಿಗೆಗೆ ಹೊತ್ತು ತಂದರು.

ಅವರದು ತೊಗರಿ ವ್ಯಾಪಾರ. ಸಂಜೆ ಅಡತಿ ಅಂಗಡಿ ಮುಚ್ಚಿ ಬಂದು ನನ್ನ ಪಕ್ಕ ಕೂರುತ್ತಿದ್ದರು. “ಇದು ಎಲ್ಲಿಗಿ ಹೊಂಟಾದ ಬೇ?” ನಾನು ಊರು, ಎತ್ತರ ಹೇಳಿದರೆ ಅಡುಗೆಮನೆಗೆ ಕೇಳುವಂತೆ ನಗುತ್ತಿದ್ದರು: “ಹಂಚಿಗಿ ಇಷ್ಟೆಲ್ಲಾ ಗೊತ್ತಾಗತಾದ. ನಿಮ್ಮತ್ತಿಗಿ ರೊಟ್ಟಿ ಹೊತ್ತಿದ್ದು ಗೊತ್ತಾಗಲ್ಲ ನೋಡು!”

“ಹಂಚು ಕದ್ದವರು ನನಗ ಹೆಸರಿಡ್ತೀರೇನ್ರಿ?” ಎಂದು ಅತ್ತೆ ಕೆಳಗಿನಿಂದಲೇ ಕೂಗುತ್ತಿದ್ದರು.

ಮಾವ ಯಾವ ಚೀಲವನ್ನೂ ಮೇಲಿನ ಕಾಳು ನೋಡಿ ಕೊಂಡವರಲ್ಲ. ಮೊಳಕೈವರೆಗೂ ಕೈ ಇಳಿಸಿ ತಳದ ಒಂದು ಹಿಡಿ ತೆಗೆದು ನೋಡುತ್ತಿದ್ದರು. ಅದನ್ನು ನಾನು ದಿನವೂ ನೋಡಿದ್ದೆ, ಕಲಿತಿರಲಿಲ್ಲ.

ಹೋದ ವರ್ಷ ಅವರು ವ್ಯಾಪಾರದ ಮೇಲೆ ಮೊದಲ ಸಲ ವಿಮಾನ ಹತ್ತಿದರು. ಅದು ದೂರದ ಗುಡ್ಡಗಳಲ್ಲಿ ಬಿತ್ತು. ನಮ್ಮ ಹಂಚಿಗೆ ಅಷ್ಟು ದೂರ ಕೇಳುವುದಿಲ್ಲ. ಆ ಕಡೆಯ ಯಾರದೋ ಮಾಳಿಗೆಯ ಆಂಟೆನಾ ಹಿಡಿದ ಅಂಕಿಗಳನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಂಡೆ. ಎತ್ತರ ಸರಿಯಿತ್ತು, ವೇಗ ಸರಿಯಿತ್ತು. ಕೊನೆಯ ಸಾಲಿನ ಮುಂದೆ ಏನೂ ಇರಲಿಲ್ಲ.

ಮಣ್ಣಾದ ಮರುದಿನ ಅತ್ತೆ ಕೇಳಿದರು: “ಭಾಳ ಹೊತ್ತು ಅಂಜಿದ್ರೇನವಾ ಅವರು?”

“ಇಲ್ಲತ್ತಿ. ಒಂದೇ ಕ್ಷಣ.”

ಮಾತಾಡಿಸಲು ಬಂದವರಿಗೆಲ್ಲ ಅತ್ತೆ ಅದನ್ನೇ ಹೇಳಿದರು. ತಿಂಗಳುಗಳ ಮೇಲೆ ತನಿಖೆಯ ವರದಿ ಬಂತು. ವಿಮಾನದ ವಿದ್ಯುತ್ತು ಹೋಗಿ ಮೊದಲು ಟ್ರಾನ್ಸ್‌ಪಾಂಡರ್ ಸುಮ್ಮನಾಗಿತ್ತು. ವಿಮಾನ ಆಮೇಲೂ ಕೆಲವು ನಿಮಿಷ ಹಾರಿತ್ತು. ಮಾತು ನಿಂತದ್ದನ್ನೇ ನಾನು ಉಸಿರು ನಿಂತದ್ದೆಂದು ಓದಿದ್ದೆ. ಅಂದೇ ಆಂಟೆನಾ ಕಿತ್ತು, ಹಂಚನ್ನು ಅಡುಗೆಮನೆಯ ಮೂಲೆಗೆ ಇಟ್ಟೆ. ಕಾರಣ ಹೇಳಲಿಲ್ಲ.

ಇಂದು ಆ ಗುರುತು ನೋಡುತ್ತ ಹೇಳಿಬಿಟ್ಟೆ: “ಅತ್ತಿ, ಒಂದೇ ಕ್ಷಣ ಅಂದಿದ್ದು ಖರೇ ಅಲ್ಲ.”

ಅತ್ತೆ ರೊಟ್ಟಿ ತಿರುವಿ ಹಾಕಿದರು. “ಗೊತ್ತದವಾ. ಅವರನ್ನ ತರಲಿಕ್ಕ ಹೋಗಿದ್ದ ಮೈದುನ ಹೇಳ್ಯಾನ. ಕೊಳ್ಳಾಗಿನ ಲಿಂಗದ ವಸ್ತ್ರ ಬಿಚ್ಚಿತ್ತಂತ. ಲಿಂಗ ಎಡಗೈ ಮುಷ್ಟಿಯಾಗ ಇತ್ತಂತ.”

ಗಂಟು ಬಿಚ್ಚಿ, ಇಷ್ಟಲಿಂಗ ತೆಗೆದು, ಅಂಗೈಯಲ್ಲಿ ಹಿಡಿಯುವಷ್ಟು ಹೊತ್ತು.

“ಮೊದಲೇ ಗೊತ್ತಿದ್ರ ನನಗ್ಯಾಕ ಕೇಳ್ದಿ?”

“ಅವ ಹೇಳಿದ್ದು ಸುಳ್ಳಾಗಲಿ ಅಂತ ಕೇಳ್ದೆ. ನೀ ಅದನ್ನ ನಂಬಿದ್ದು ನಿನ್ನ ಮಾರಿ ಮ್ಯಾಲೇ ಕಾಣತಿತ್ತು, ಹಂಗೇ ಬಿಟ್ಟೆ.” ರೊಟ್ಟಿ ಇಳಿಸುತ್ತ ಅವರೇ ಅಂದರು: “ಹಂಚು ತಣ್ಣಗಾದ ಮ್ಯಾಲ ಒಯ್ಯಿ ಮಾಳಿಗಿಗಿ.”

ಸಂಜೆ ಒಂದು ವಿಮಾನ ಅಫಜಲಪುರ ದಾಟಿ ಹೋಗುತ್ತ ಹೋಗುತ್ತ ಪರದೆಯಿಂದ ಮರೆಯಾಯಿತು. ಮೊದಲಾದರೆ ಅಲ್ಲಿಗೆ ಮುಗಿಯಿತೆಂದು ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ; ಇಂದು ಮುಚ್ಚಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ ಕೇಳಿದರು: “ಇನ್ನೂ ಹೊಂಟಾದೇನು?”

“ಹೊಂಟಾದತ್ತಿ. ನಮಗ ಕೇಳಸಲ್ಲ, ಅಷ್ಟೇ.”