ಮರೆಗುಳಿ ಸಿಡಿ

ಮೊನ್ನೆ ಬ್ಯಾಂಕಿನಲ್ಲಿ ಸರದಿಗಾಗಿ ಕಾಯುತ್ತಿದ್ದಾಗ ಕರೆಂಟ್ ಹೋಗಿ, ಮೂಲೆಯಲ್ಲಿದ್ದ ಯುಪಿಎಸ್ ಕುಂಯ್ ಕುಂಯ್ ಎಂದು ಕೂಗಿಕೊಂಡಿತು. ಉಳಿದವರೆಲ್ಲ ಫ್ಯಾನಿನ ಕಡೆ ನೋಡಿದರು. ನನ್ನ ಬಲಗೈ ಮಾತ್ರ ತನ್ನಷ್ಟಕ್ಕೆ ಮೇಲೆದ್ದು, ಗಾಳಿಯಲ್ಲಿ ಇಲ್ಲದ ಮೌಸ್ ಹುಡುಕಿ ‘ಸೇವ್’ ಒತ್ತಿತು. ಪಕ್ಕದಲ್ಲಿದ್ದ ಹೆಂಗಸು ಸ್ವಲ್ಪ ಸರಿದು ಕೂತರು. ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ.

ಶಿವಮೊಗ್ಗದ ಬಸ್ ನಿಲ್ದಾಣದ ಹತ್ತಿರ ನಾನೂ ಸಲೀಮನೂ ಸೇರಿ ಡಿಟಿಪಿ ಅಂಗಡಿ ನಡೆಸುತ್ತಿದ್ದ ಕಾಲ ಅದು. ಲಗ್ನಪತ್ರಿಕೆಯಿಂದ ಹಿಡಿದು ಗಣಪತಿ ಚಂದಾ ರಸೀದಿಯವರೆಗೆ ಎಲ್ಲವನ್ನೂ ಟೈಪ್ ಮಾಡಿಕೊಡುತ್ತಿದ್ದೆವು. ಪೆನ್‌ಡ್ರೈವ್ ಆಗಷ್ಟೇ ಜನರ ಜೇಬಿಗೆ ಬಂದಿತ್ತು. ಬರುವಾಗ ಜೊತೆಯಲ್ಲೊಂದು ವೈರಸ್ಸನ್ನೂ ನೆಂಟನ ಹಾಗೆ ಕರೆತರುತ್ತಿತ್ತು. ಈ ಕಾಟ ತಾಳಲಾರದೆ ಸಲೀಂ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಗೆಳೆಯನಿಂದ ಒಂದು ಸಿಡಿ ತಂದ. ವಿಂಡೋಸಿನ ಬದಲು ಓಡಿಸುವ, ಭದ್ರತೆಗೆಂದೇ ಮಾಡಿದ ಲಿನಕ್ಸ್ ಅಂತೆ. ಒಳಗೆ ಏನನ್ನೂ ಹಾಕಿಕೊಳ್ಳಬೇಕಿಲ್ಲ, ಸಿಡಿಯಿಂದಲೇ ಕಂಪ್ಯೂಟರ್ ಎದ್ದು ಕೂರುತ್ತದಂತೆ.

“ವೈರಸ್ಸಿನ ಅಪ್ಪ ಬಂದ್ರೂ ಇದ್ರೊಳಗೆ ನುಗ್ಗಕ್ಕಾಗಲ್ಲ ಯಾರ್,” ಎಂದ.

ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರಗಳು ಸರಸರನೆ ಓಡಿದವು. ಅರ್ಥವಾಗದ್ದನ್ನು ಗಂಭೀರವಾಗಿ ನೋಡುವ ಕಲೆ ನನಗೆ ಹುಟ್ಟಿನಿಂದಲೇ ಬಂದದ್ದು, ನೋಡಿದೆ. ಕನ್ನಡದ ಒತ್ತಕ್ಷರಗಳು ಮಾತ್ರ ಮುನಿಸಿಕೊಂಡ ಬೀಗರಂತೆ ಪಕ್ಕಕ್ಕೆ ಸರಿದು ಕೂರುತ್ತಿದ್ದವು. ಸಲೀಂ ಯಾವುದೋ ಫಾಂಟ್ ಹಾಕಿ ಅವನ್ನೂ ಒಪ್ಪಿಸಿದ.

ಅದೇ ಬೆಳಿಗ್ಗೆ ಭದ್ರಾವತಿಯ ನ್ಯೂಟೌನಿನಿಂದ ಶಿವಣ್ಣ ಎಂಬವರು ಮಗಳು ಸುಮಾಳನ್ನು ಕರೆದುಕೊಂಡು ಬಂದರು. ಕಾರ್ಖಾನೆಯಲ್ಲಿ ಫೋರ್‌ಮನ್. ಸುಮಾಳ ಮದುವೆ ಪತ್ರಿಕೆ ಆಗಬೇಕಿತ್ತು. ಅಷ್ಟಕ್ಕೆ ಇಲ್ಲಿಯವರೆಗೆ ಯಾಕೆ ಬಂದಿರಿ ಎಂದೆ.

“ಅಲ್ಲೇ ಮಾಡ್ಸಿದ್ರೆ ಮಧ್ಯಾಹ್ನದೊಳಗೆ ಓಲ್ಡ್ ಟೌನಿಗೆ ಸುದ್ದಿ ಹೋಗುತ್ತೆ ಮಾರಾಯ. ನನ್ನ ತಮ್ಮ ಇರೋದು ಅಲ್ಲಿ. ಅವನ ಹೆಸರು ಕಾರ್ಡಲ್ಲಿ ಇರಲ್ಲ. ಪ್ರಿಂಟ್ ಆಗೋವರೆಗೂ ಯಾರಿಗೂ ಗೊತ್ತಾಗ್ಬಾರ್ದು.”

ಅಣ್ಣತಮ್ಮಂದಿರ ನಡುವೆ ಮಾತು ನಿಂತು ವರ್ಷಗಳಾಗಿದ್ದವು. ಶಿವಣ್ಣ ಹಳೆಯ ಸ್ಕೂಟರ್ ಒಂದನ್ನು ಕೊಂಡಾಗ ತಮ್ಮ ಮಂಜಣ್ಣ ನಾಲ್ಕು ಜನರ ಎದುರು, “ಅಣ್ಣ, ಇದು ಕೂತ್ಕೊಂಡು ಹೋಗೋದಾ, ತಳ್ಕೊಂಡು ಹೋಗೋದಾ?” ಎಂದಿದ್ದರಂತೆ. ಅಷ್ಟೇ. ನಾನು ಕೀಬೋರ್ಡಿನ ಧೂಳು ಒರೆಸುವ ನೆಪದಲ್ಲಿ ತಲೆ ತಗ್ಗಿಸಿದೆ. ಸುಮಾ ನಗಲಿಲ್ಲ.

“ನಮ್ಮ ಕಂಪ್ಯೂಟರಿಂದ ಒಂದಕ್ಷರ ಆಚೆ ಹೋಗಲ್ಲ ಯಜಮಾನ್ರೇ, ವೈರಸ್ಸೂ ಒಳಗೆ ಬರಕ್ಕಾಗಲ್ಲ, ಸೆಕ್ಯೂರಿಟಿ ಇದೆ,” ಎಂದು ಬೀಗಿದೆ.

ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ಶಿವಣ್ಣ ಬೆಳಗ್ಗೆಯೆಲ್ಲ ತೂಗಿ ತೂಗಿ ಹೇಳಿದರು. ನಾನು ಮತ್ತೆ ಮತ್ತೆ ಸೇವ್ ಮಾಡಿದೆ. ಕೊನೆಯ ಭಾವಮೈದುನನಿಗೆ ಜಾಗ ಸಿಕ್ಕ ಹೊತ್ತಿಗೆ ಕರೆಂಟ್ ಹೋಯಿತು. ನಮ್ಮ ಯುಪಿಎಸ್ ಒಂದು ಸಲ ಕುಂಯ್ ಎಂದು ಪ್ರಾಣ ಬಿಟ್ಟಿತು. ಕರೆಂಟ್ ಬಂದಾಗ ಪತ್ರಿಕೆಯೂ ಇಲ್ಲ, ಫಾಂಟೂ ಇಲ್ಲ.

“ಅರೇ, ಅದೇ ಅದ್ರ ಸ್ಪೆಷಾಲಿಟಿ!” ಸಲೀಮನ ಮುಖದಲ್ಲಿ ಹೆಮ್ಮೆ. “ಆಫ್ ಆದ್ರೆ ಎಲ್ಲಾ ಮರ್ತುಬಿಡುತ್ತೆ. ಕದಿಯೋಕೆ ಏನೂ ಉಳಿಯಲ್ಲ.”

“ಮೊದ್ಲೇ ಹೇಳೋಕೇನಾಗಿತ್ತೋ?”

“ನೀನು ಕೇಳಿದ್ಯಾ?”

ಶಿವಣ್ಣ ಇಬ್ಬರಿಗೂ ಸಮನಾಗಿ ಬೈದರು. ಅವರಿಗೆ ಸೆಕೆಂಡ್ ಶಿಫ್ಟಿಗೆ ಹೊತ್ತಾಗಿತ್ತು. “ನೀನೇ ಕೂತು ಬರೆಸಮ್ಮ, ಎಲ್ಲಾ ಕೇಳಿಸ್ಕೊಂಡಿದೀಯಲ್ಲ,” ಎಂದು ಮಗಳಿಗೆ ಹೇಳಿ ಬಸ್ಸಿಗೆ ಓಡಿದರು.

ಸಿಡಿ ತೆಗೆದು, ವೈರಸ್ಸು ತುಂಬಿದ್ದರೂ ನೆನಪು ನೆಟ್ಟಗಿದ್ದ ವಿಂಡೋಸಿಗೇ ಶರಣಾದೆ. ಸುಮಾ ಒಂದೂ ಹೆಸರು ತಪ್ಪದೆ ಹೇಳಿದಳು. ಕೊನೆಯಲ್ಲಿ, “ಒಂದು ಬಿಟ್ಟೋಯ್ತು ಅಣ್ಣ. ಅಪ್ಪನ ಹೆಸರಿನ ಕೆಳಗೆ ಮಂಜಣ್ಣ ಅಂತ ಹಾಕಿ,” ಎಂದಳು.

“ನಿಮ್ಮಪ್ಪ ಬೇಡ ಅಂದಿದ್ರಲ್ಲಮ್ಮ?”

“ಅಪ್ಪ ಹೇಳಿದ್ದು ನಿಮ್ಮ ಕಂಪ್ಯೂಟರಿಗೇ ನೆನಪಿಲ್ಲ, ನನಗೆಲ್ಲಿರುತ್ತೆ?” ಎಂದವಳು ದನಿ ತಗ್ಗಿಸಿ, “ನಂಗೆ ಸೈಕಲ್ ಕಲಿಸಿದ್ದು ಚಿಕ್ಕಪ್ಪ. ಅವರಿಲ್ದೆ ಮಂಟಪದಲ್ಲಿ ಹೆಂಗೆ ಕೂರ್ಲಿ?” ಎಂದಳು.

ನಾನು ಸಲೀಮನನ್ನು ನೋಡಿದೆ. ಅವನು ಗೋಡೆ ನೋಡುತ್ತಿದ್ದ. ಟೈಪ್ ಮಾಡಿದೆ.

ಕಾರ್ಡ್ ಒಯ್ಯಲು ಬಂದ ದಿನ ಶಿವಣ್ಣ ಒಂದನ್ನು ತೆಗೆದು ಓದುತ್ತಾ ಓದುತ್ತಾ ನಿಂತುಬಿಟ್ಟರು.

“ಇದು ಹೆಂಗೆ ಬಂತು?”

“ವೈರಸ್ ಸಾರ್,” ಎಂದ ಸಲೀಂ.

“ಒಳಗೆ ಬರಕ್ಕೇ ಆಗಲ್ಲ ಅಂದಿದ್ರಿ?”

ಸಲೀಂ ರಸೀದಿ ಪುಸ್ತಕ ಹುಡುಕತೊಡಗಿದ. ಬಂಡಲ್ಲನ್ನು ಮುಖಕ್ಕೆ ಎಸೆಯುತ್ತಾರೆಂದು ನಾನು ಕಾದೆ. ಶಿವಣ್ಣ ಆ ಹೆಸರಿನ ಮೇಲೆ ಹೆಬ್ಬೆರಳಾಡಿಸಿದರು. ಆಮೇಲೆ, “ಇನಿಷಿಯಲ್ ಬಿಟ್ಟಿದೀರಲ್ರೋ! ಅವನು ಇದಕ್ಕೂ ಜಗಳ ತೆಗೀತಾನೆ,” ಎಂದು ಗೊಣಗುತ್ತಾ ಬಂಡಲ್ ಎತ್ತಿಕೊಂಡು ನಡೆದರು.

ಮದುವೆಗೆ ನಾವೂ ಹೋಗಿದ್ದೆವು, ಸಲೀಂ ಊಟಕ್ಕೆ, ನಾನು ಭಯಕ್ಕೆ. ಮಂಜಣ್ಣ ನಮಗಿಂತ ಮುಂಚೆಯೇ ಬಂದು, ಪಂಚೆ ಎತ್ತಿ ಕಟ್ಟಿ ಬಡಿಸುವವರ ಮೇಲೆ ರೇಗಾಡುತ್ತಿದ್ದರು. ಅಣ್ಣ ಎದುರಾದಾಗ ಅಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತು, “ಇನಿಷಿಯಲ್ ಯಾಕೆ ಬಿಟ್ಟೆ?”

ಶಿವಣ್ಣ ಗೆದ್ದವರಂತೆ ನನ್ನತ್ತ ತಿರುಗಿದರು. “ನಾನು ಹೇಳಿರ್ಲಿಲ್ವಾ?” ಕಣ್ಣು ಒದ್ದೆಯಾಗಿತ್ತು. ಹೋಮದ ಹೊಗೆ ಅಷ್ಟು ದೂರ ಬಂದಿರಲಿಲ್ಲ.

ಈಗಲೂ ಲಗ್ನಪತ್ರಿಕೆ ಟೈಪ್ ಮಾಡುತ್ತೇನೆ. ಎಲ್ಲ ಮುಗಿದ ಮೇಲೆ, ಯಾರಾದರೂ ಬಿಟ್ಟುಹೋದರೇ ಎಂದು ಕೇಳುವುದು ರೂಢಿಯಾಗಿದೆ. ಹೊಸಮನೆ ಬಡಾವಣೆಯವರೊಬ್ಬರು ಹೋದ ವಾರ ಪಟ್ಟಿಯನ್ನು ಮೇಲಿನಿಂದ ಮತ್ತೊಮ್ಮೆ ಓದಿ, “ಒಬ್ಬಳು ಅಕ್ಕ ಇದಾಳೆ. ಹಾಕ್ಬೇಡಿ,” ಎಂದರು. ಹೆಸರು ಕೇಳಿದೆ. ಹೇಳಿದರು. ಹಾಕಿದೆ.

“ಬೇಡ ಅಂದ್ನಲ್ರೀ?”

“ಬರೀ ಪ್ರೂಫ್ ಸಾರ್, ಇನ್ನೂ ಅಚ್ಚಿಗೆ ಹೋಗಿಲ್ಲ. ಮನೇಲಿ ನಿಧಾನವಾಗಿ ನೋಡಿ.”

ಮಡಿಸಿ ಜೇಬಿಗಿಟ್ಟುಕೊಂಡು ಹೋಗಿದ್ದಾರೆ. ಅಕ್ಕನ ಹೆಸರು ಹೊಡೆದುಹಾಕಿ ಎಂದು ಇನ್ನೂ ಫೋನ್ ಬಂದಿಲ್ಲ.